ನೀರು ನೋಡಿ ಹಡಗು ಹತ್ತಿ

ಮೆಕಾಂಗ್ ನದಿಯ ಐಷಾರಾಮಿ ಕ್ರೂಸ್‌ಗಳ ಬಣ್ಣದ ಪುಸ್ತಿಕೆ ತೆರೆದರೆ ಒಂದು ನಕಾಶೆ ಇದ್ದೇ ಇರುತ್ತದೆ. ಕಾಂಬೋಡಿಯಾದ ಸೀಮ್ ರೀಪ್‌ನಲ್ಲಿ ಒಂದು ಚುಕ್ಕೆ, ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಇನ್ನೊಂದು, ನಡುವೆ ಎಲ್ಲೂ ಕಡಿಯದ ನೀಲಿ ಗೆರೆ. ಕೆಳಗೆ ‘ಏಳು ರಾತ್ರಿ, ಎಂಟು ಹಗಲು’. ಈ ಗೆರೆ ಬಹಳ ದಿನಗಳಿಂದ ತಲೆ ಕೊರೆಯುತ್ತಿದೆ. ಯಾಕೆಂದರೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಹಡಗು ಈ ಎರಡು ಚುಕ್ಕೆಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ನೀರು ಬತ್ತಿದ ಕಾಲದಲ್ಲಿ ಸೀಮ್ ರೀಪ್‌ನಿಂದ ನಾಲ್ಕೈದು ಗಂಟೆ ಬಸ್ಸಿನಲ್ಲಿ ಕೂರಿಸಿ ಕಾಂಪೋಂಗ್ ಚಾಮ್‌ಗೆ ಕರೆತಂದು ಅಲ್ಲಿ ಹಡಗು ಹತ್ತಿಸುತ್ತಾರೆ. ಆ ತುದಿಯಲ್ಲಿ ಮೀ ಥೋ ಊರಲ್ಲಿ ಇಳಿಸಿ ಮತ್ತೆ ಎರಡು ಗಂಟೆ ಬಸ್ಸು. ಇದರಲ್ಲಿ ಮೋಸವೇನಿಲ್ಲ. ನೀರಿನ ಮಟ್ಟ ನೋಡಿಕೊಂಡು ದಾರಿ ಬದಲಾಗಬಹುದು ಎಂದು ಷರತ್ತುಗಳ ಸಣ್ಣ ಅಕ್ಷರಗಳಲ್ಲಿ ಬರೆದೇ ಇರುತ್ತದೆ. ಆದರೆ ಒಬ್ಬರಿಗೆ ಎರಡರಿಂದ ಐದಾರು ಲಕ್ಷ ರೂಪಾಯಿ ಕೊಟ್ಟು ಹೋಗುವವರು ಕ್ಯಾಬಿನ್ ಎಷ್ಟು ಚದರಡಿ, ಬಾಲ್ಕನಿ ಇದೆಯೇ, ಸ್ಪಾ ಇದೆಯೇ ಎಂದು ಹತ್ತು ಸಲ ಕೇಳುತ್ತಾರೆ. ಆ ವಾರ ನದಿಯಲ್ಲಿ ನೀರು ಎಷ್ಟಿರುತ್ತದೆ ಎಂದು ಕೇಳುವವರು ಕಡಿಮೆ. ಎಲ್ಲಿ ಹತ್ತುತ್ತೀರಿ, ಯಾವ ಊರು ನೋಡುತ್ತೀರಿ, ದಡಕ್ಕೆ ಎಷ್ಟು ಮೆಟ್ಟಿಲು ಏರುತ್ತೀರಿ, ಎಲ್ಲವನ್ನೂ ತೀರ್ಮಾನಿಸುವುದು ಆ ನೀರು.

ಹಿಂದಕ್ಕೆ ಹರಿಯುವ ನದಿ

ಮೆಕಾಂಗ್ ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂಗಳ ನೆಲ ಮುಟ್ಟಿ ಸಮುದ್ರ ಸೇರುತ್ತದೆ. ಆದರೆ ಹಡಗಿನ ಮಟ್ಟಿಗೆ ಇದು ಎರಡು ನದಿ. ಲಾವೋಸ್ ಮತ್ತು ಕಾಂಬೋಡಿಯಾ ಗಡಿಯ ಖೋನ್ ಜಲಪಾತ ನದಿಯನ್ನು ತುಂಡರಿಸಿಬಿಟ್ಟಿದೆ. ಚೀನಾಕ್ಕೆ ನೀರಿನ ದಾರಿ ಹುಡುಕಿಕೊಂಡು 1866ರಲ್ಲಿ ಹೊರಟ ಫ್ರೆಂಚರ ತಂಡಕ್ಕೆ ಇಲ್ಲೇ ಆಸೆ ಮುರಿಯಿತು. ಮುಂದೆ ಅವರು ಜಲಪಾತದ ಪಕ್ಕದ ದ್ವೀಪಗಳಲ್ಲಿ ಸಣ್ಣ ರೈಲು ಹಾಕಿ, ದೋಣಿಗಳನ್ನೇ ಅದರ ಮೇಲೆ ಸಾಗಿಸಿದರು. ಜಲಪಾತದ ಮೇಲಿನ ಲಾವೋಸ್ ಭಾಗದಲ್ಲಿ ಬಂಡೆಗಳ ನಡುವೆ ನುಸುಳುವ ಸಣ್ಣ ದೋಣಿಗಳ ಪ್ರಯಾಣ. ದೊಡ್ಡ ಐಷಾರಾಮಿ ಹಡಗುಗಳದ್ದು ಬಹುಪಾಲು ಕೆಳಗಿನ ಭಾಗ, ಬಯಲು ನಾಡಿನ ಅಗಲವಾದ ನದಿ.

ಈ ಭಾಗದ ಹೃದಯ ಇರುವುದು ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ನಗರದ ಅರಮನೆಯ ಎದುರು. ಮೇಲಿನಿಂದ ಬರುವ ಮೆಕಾಂಗ್, ಟೋನ್ಲೆ ಸಾಪ್ ಎಂಬ ದೊಡ್ಡ ಸರೋವರದ ಕಡೆಯ ಅದೇ ಹೆಸರಿನ ನದಿ, ಕೆಳಕ್ಕೆ ಹೋಗುವ ಮೆಕಾಂಗ್, ಅದರ ಜೊತೆ ಸೀಳಿಕೊಂಡು ಹೋಗುವ ಬಸಾಕ್, ನಾಲ್ಕೂ ಕೂಡುವ ಜಾಗ. ಅದರ ಹೆಸರು ಚಾಕ್ತೊಮುಕ್. ನಮ್ಮ ‘ಚತುರ್ಮುಖ’ವೇ ಕಾಂಬೋಡಿಯಾದ ಖ್ಮೇರ್ ಜನರ ನಾಲಿಗೆಯಲ್ಲಿ ಹಾಗಾಗಿದೆ. ಮಳೆಗಾಲದಲ್ಲಿ, ಸುಮಾರು ಜೂನ್‌ನಿಂದ, ಮೆಕಾಂಗ್ ಎಷ್ಟು ಉಬ್ಬುತ್ತದೆಂದರೆ ಟೋನ್ಲೆ ಸಾಪ್ ನದಿಯ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಸರೋವರದಿಂದ ಹೊರಗೆ ಹರಿಯುತ್ತಿದ್ದ ನದಿ ಸರೋವರದ ಒಳಕ್ಕೆ ಹರಿಯತೊಡಗುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ, ಎದೆಮಟ್ಟವೂ ನೀರಿಲ್ಲದ ಸರೋವರ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ 15,000 ಚದರ ಕಿಲೋಮೀಟರ್‌ವರೆಗೂ ಹರಡಿ, ಒಂಬತ್ತು ಮೀಟರಿನಷ್ಟು ಆಳವಾಗುತ್ತದೆ. ಸುತ್ತಲಿನ ಕಾಡು ಮುಳುಗುತ್ತದೆ, ಮೀನು ಆ ಮರಗಳ ನಡುವೆಯೇ ಮರಿಮಾಡಿ ಬೆಳೆಯುತ್ತದೆ. ಮಳೆ ನಿಂತು ಮೆಕಾಂಗ್ ಇಳಿದ ಮೇಲೆ ನೀರು ಮತ್ತೆ ತಿರುಗಿ ಸಮುದ್ರದ ಕಡೆಗೆ ಹೊರಡುತ್ತದೆ. ಕಾಂಬೋಡಿಯಾದ ದೋಣಿ ಹಬ್ಬ ಬೋನ್ ಓಮ್ ತೂಕ್ ನಡೆಯುವುದು ಆಗಲೇ, ಕಡೆಕ್ ಮಾಸದ ಹುಣ್ಣಿಮೆಗೆ. ಕಡೆಕ್ ಅಂದರೆ ಕಾರ್ತೀಕ. ಅವರ ಚೆತ್, ಪಿಸಾಕ್, ಪಲ್ಕುನ್ ಎಲ್ಲವೂ ನಮ್ಮ ಪಂಚಾಂಗದ ಚೈತ್ರ, ವೈಶಾಖ, ಫಾಲ್ಗುಣಗಳೇ.

ಈ ಲೆಕ್ಕ ತಿಳಿದರೆ ತಿಂಗಳು ಆರಿಸುವುದು ಸುಲಭ. ಆಗಸ್ಟ್‌ನಿಂದ ನವೆಂಬರ್‌ವರೆಗೆ ನೀರು ತುಂಬಿರುತ್ತದೆ. ಹಡಗು ಟೋನ್ಲೆ ಸಾಪ್ ನದಿಯೊಳಗೆ ಬಹಳ ದೂರ ಹೋಗಬಲ್ಲದು, ತೀರಾ ಚಪ್ಪಟೆ ತಳದ ಸಣ್ಣ ಹಡಗುಗಳು ಸರೋವರವನ್ನೂ ದಾಟಬಲ್ಲವು. ಡೆಕ್ ಮೇಲೆ ನಿಂತರೆ ದಡದಾಚೆಯ ಗದ್ದೆ, ತಾಳೆಮರದ ಸಾಲು, ಕಂಬಗಳ ಮೇಲಿನ ಮನೆಯೊಳಗಿನ ತೊಟ್ಟಿಲು ಕೂಡ ಕಾಣುತ್ತದೆ. ಮಧ್ಯಾಹ್ನದ ಮಳೆ ಖಾತ್ರಿ, ರಾತ್ರಿ ದೀಪಕ್ಕೆ ಹುಳುಗಳ ಮುತ್ತಿಗೆಯೂ ಖಾತ್ರಿ. ಡಿಸೆಂಬರ್‌ನಿಂದ ಫೆಬ್ರವರಿ ಹವೆ ತಂಪು, ಆಕಾಶ ತಿಳಿ, ದರ ಜಾಸ್ತಿ. ಮಾರ್ಚ್‌ನಿಂದ ಮೇ ನಡುವೆ ನದಿ ತಳ ಕಾಣುತ್ತದೆ. ಕಾಂಪೋಂಗ್ ಚಾಮ್‌ನಲ್ಲಿ ಮಳೆಗಾಲದ ಮಟ್ಟಕ್ಕೂ ಬೇಸಿಗೆಯ ಮಟ್ಟಕ್ಕೂ ಹತ್ತು ಮೀಟರಿಗೂ ಹೆಚ್ಚು ಅಂತರ. ಅಂದರೆ ಬೇಸಿಗೆಯಲ್ಲಿ ನೀವು ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಮಣ್ಣಿನ ಗೋಡೆಯ ಬುಡದಲ್ಲಿ ತೇಲುತ್ತಿರುತ್ತೀರಿ. ಊರು ಕಾಣುವುದಿಲ್ಲ, ದಡ ಮಾತ್ರ ಕಾಣುತ್ತದೆ. ಪ್ರತಿ ಊರಿಗೂ ಆ ದಡದಲ್ಲಿ ಕಡಿದ ಮೆಟ್ಟಿಲು ಹತ್ತಬೇಕು, ಹಿಡಿಕೆ ಎಲ್ಲ ಕಡೆ ಇರುವುದಿಲ್ಲ. ಮೊಣಕಾಲು ನೋವಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಇದನ್ನು ಮೊದಲೇ ಯೋಚಿಸಬೇಕು. ಏಪ್ರಿಲ್ ಮಧ್ಯದಲ್ಲಿ, ನಮ್ಮ ತುಳುನಾಡಿನ ಬಿಸು ಬರುವ ಹೊತ್ತಿಗೇ, ಖ್ಮೇರ್ ಹೊಸ ವರ್ಷ. ನೋಮ್ ಪೆನ್ ಖಾಲಿಯಾಗಿರುತ್ತದೆ. ಜನವರಿ ಕೊನೆ, ಫೆಬ್ರವರಿ ನಡುವೆ ಬರುವ ತೆತ್, ಅಂದರೆ ವಿಯೆಟ್ನಾಮಿನ ಹೊಸ ವರ್ಷದ ಹಬ್ಬದ ವಾರ ಅಲ್ಲಿನ ಸಂತೆ, ಗೃಹೋದ್ಯಮದ ಘಟಕಗಳು ಮುಚ್ಚಿರುತ್ತವೆ. ನನ್ನ ಆಯ್ಕೆ ಕೇಳಿದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ಎರಡು ವಾರ. ಮಳೆ ಹೋಗಿರುತ್ತದೆ, ನೀರು ಇನ್ನೂ ಹೋಗಿರುವುದಿಲ್ಲ.

ಕ್ಯಾಬಿನ್ ಆರಿಸುವಾಗ

ತೇಗದ ಕಟಕಟೆ, ಹಿತ್ತಾಳೆಯ ಹಿಡಿಕೆ, ಉದ್ದದ ವರಾಂಡಾದಂಥ ಡೆಕ್. ಇಲ್ಲಿನ ಹಲವು ಹಡಗುಗಳ ಈ ರೂಪ ಮೆಕಾಂಗ್‌ನದ್ದಲ್ಲ, ಬರ್ಮಾದ ಐರಾವತಿ ನದಿಯದ್ದು. ಅಲ್ಲಿ ಸ್ಕಾಟ್ಲೆಂಡಿನವರ ಐರಾವತಿ ಫ್ಲೊಟಿಲ್ಲಾ ಕಂಪನಿ 1920ರ ದಶಕದಲ್ಲಿ ಆರುನೂರಕ್ಕೂ ಹೆಚ್ಚು ಹಡಗು ದೋಣಿಗಳನ್ನು ಓಡಿಸುತ್ತಿತ್ತು. 1942ರಲ್ಲಿ ಜಪಾನಿ ಸೇನೆಯ ಕೈಗೆ ಸಿಗಬಾರದೆಂದು ಅವುಗಳಲ್ಲಿ ಹೆಚ್ಚಿನವನ್ನು ತಾವೇ ಮುಳುಗಿಸಿದರು. ಐವತ್ತು ವರ್ಷಗಳ ನಂತರ ಆ ನಮೂನೆ ಮತ್ತೆ ಜೀವ ಪಡೆದು ಮೆಕಾಂಗ್‌ಗೂ ಬಂತು. ಒಳಗಿನ ಯಂತ್ರ ಹೊಸದು. ತಳ ಮಾತ್ರ ಹಳೆಯ ಬುದ್ಧಿಯದು, ಚಪ್ಪಟೆ, ಒಂದೂವರೆ ಮೀಟರ್ ನೀರಿದ್ದರೂ ಸಾಗುವಂಥದ್ದು.

ಎಂಜಿನ್ ಮತ್ತು ಜನರೇಟರ್ ಇರುವುದು ಹಿಂಭಾಗದಲ್ಲಿ. ಕೆಳ ಅಂತಸ್ತಿನ ಹಿಂದಿನ ಕ್ಯಾಬಿನ್ ಅಗ್ಗ, ಆದರೆ ಹಡಗು ಲಂಗರು ಹಾಕಿ ನಿಂತ ರಾತ್ರಿಯೂ ಎಸಿಗಾಗಿ ಜನರೇಟರ್ ಓಡುತ್ತಲೇ ಇರುವುದರಿಂದ ಹಾಸಿಗೆಯೇ ನಡುಗುತ್ತದೆ. ತೀರಾ ಮುಂಭಾಗದಲ್ಲಿ ಬೆಳಗಿನ ಜಾವ ಲಂಗರಿನ ಸರಪಳಿ ಎಳೆಯುವ ಸದ್ದು. ಮಧ್ಯದ ಅಂತಸ್ತಿನ ನಡುಭಾಗ ಒಳ್ಳೆಯದು. ‘ಫ್ರೆಂಚ್ ಬಾಲ್ಕನಿ’ ಅಂದರೆ ಬಾಲ್ಕನಿ ಅಲ್ಲ, ಜಾರುವ ಗಾಜಿನ ಬಾಗಿಲು ಮತ್ತು ಎದುರಿಗೆ ಕಂಬಿ. ಕುರ್ಚಿ ಹಾಕಿ ಕೂರಬೇಕಿದ್ದರೆ ಹೊರಬಾಲ್ಕನಿ ಎಂದು ಬರೆಸಿಕೊಳ್ಳಿ. ನಿಜ ಹೇಳಬೇಕೆಂದರೆ ಆ ಹೆಚ್ಚಿನ ಹಣ ಬೇಕಾಗಿಲ್ಲ. ಬೆಳಗಿನ ಐದೂವರೆಯಿಂದ ಏಳರವರೆಗೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಮೇಲಿನ ಡೆಕ್‌ನಲ್ಲಿ ಎರಡೂ ದಡ ಕಾಣುತ್ತವೆ, ಬಾಲ್ಕನಿಯಲ್ಲಿ ಒಂದೇ. ಸಣ್ಣ ಹಡಗುಗಳಲ್ಲಿ ಸಾಮಾನ್ಯವಾಗಿ ವೈದ್ಯರಿರುವುದಿಲ್ಲ. ಕಾಯಿಲೆ ಗಂಭೀರವಾದರೆ ಬ್ಯಾಂಕಾಕ್‌ಗೆ ವಿಮಾನದಲ್ಲಿ ಸಾಗಿಸಬೇಕಾಗಬಹುದು. ಆ ಸಾಗಣೆಯ ವೆಚ್ಚ ಸೇರಿರುವ ವಿಮೆ ಇಲ್ಲದೆ ಹಿರಿಯರನ್ನು ಹತ್ತಿಸಬೇಡಿ.

ಕಾಯ್ ಬೆಯ ಅರಳು

ವಿಯೆಟ್ನಾಂ ಭಾಗದಲ್ಲಿ ಹಡಗುಗಳು ನಿಲ್ಲುವ ಊರುಗಳಲ್ಲಿ ಕಾಯ್ ಬೆ ಮುಖ್ಯ. ಇಲ್ಲಿನ ತೇಲುವ ಸಂತೆ ಪುಸ್ತಿಕೆಯಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ, ನೀರಿನ ಮೇಲೆ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಕಾರಣ ದೂರವೇನಿಲ್ಲ. 2000ದಲ್ಲಿ ಹತ್ತಿರದ ಮೀ ಥುವಾನ್‌ನಲ್ಲಿ ಮೆಕಾಂಗ್‌ನ ಕವಲಾದ ತಿಯೆನ್ ನದಿಗೆ ಸೇತುವೆ ಆಯಿತು, 2009ರಲ್ಲಿ ಮೀ ಥೋದಲ್ಲಿ, 2010ರಲ್ಲಿ ಕಾನ್ ಥೋದಲ್ಲಿ. ಸೇತುವೆ ಬಂದ ಕಡೆ ಲಾರಿ ಬಂತು. ಲಾರಿ ತೋಟದ ಬಾಗಿಲಿಗೇ ಹೋದರೆ ಹಲಸು, ಅನಾನಸ್ ದೋಣಿಗೆ ಯಾಕೆ ಬರಬೇಕು? ಸಂತೆಯೇ ನೋಡಬೇಕಿದ್ದರೆ ಕಾನ್ ಥೋ ಬಳಿಯ ಕಾಯ್ ರಾಂಗ್‌ಗೆ ಬೆಳಗಿನ ಆರು ಗಂಟೆಯೊಳಗೆ ಹೋಗಬೇಕು. ಅಲ್ಲಿಯೂ ದೋಣಿಗಳು ವರ್ಷವರ್ಷ ಕಡಿಮೆಯಾಗುತ್ತಿವೆ. ಮಾರುವ ಸರಕನ್ನು ಉದ್ದ ಬಿದಿರು ಗಳುವಿನ ತುದಿಗೆ ಕಟ್ಟಿ ಎತ್ತಿ ನಿಲ್ಲಿಸುತ್ತಾರೆ, ಕುಂಬಳಕಾಯಿ ತೂಗುತ್ತಿದ್ದರೆ ಕುಂಬಳಕಾಯಿ ದೋಣಿ. ಗಳುವಿಗೆ ತಾಳೆ ಜಾತಿಯ ಒಣ ಗರಿ ಕಟ್ಟಿದ್ದರೆ ಆ ದೋಣಿಯೇ ಮಾರಾಟಕ್ಕಿದೆ ಎಂದರ್ಥ.

ಕಾಯ್ ಬೆಯಲ್ಲಿ ಉಳಿದಿರುವುದು ದಡದ ಮನೆಗಳ ಕೆಲಸ. ಒಂದು ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ನದಿಯ ಕಪ್ಪು ಮರಳು, ಕೆಳಗೆ ಭತ್ತದ ಹೊಟ್ಟಿನ ಉರಿ. ಮರಳು ಕಾದು ಹೊಗೆಯಾಡುವ ಹೊತ್ತಿಗೆ ಒಂದು ಬೊಗಸೆ ಭತ್ತ, ಸಿಪ್ಪೆ ಸಮೇತ, ಒಳಗೆ ಬೀಳುತ್ತದೆ. ಉದ್ದ ಹಿಡಿಯ ಸಲಿಕೆಯಿಂದ ಕೆಲವೇ ಸೆಕೆಂಡು ತಿರುವುವಷ್ಟರಲ್ಲಿ ಪಟಪಟ ಸಿಡಿದು ಬಾಣಲೆ ಬಿಳಿಯಾಗುತ್ತದೆ. ತಡಮಾಡದೆ ತೂಗುಹಾಕಿದ ಜರಡಿಗೆ ಬಳಿದು ಅಲ್ಲಾಡಿಸಿದರೆ ಮರಳು ಕೆಳಗಿಳಿದು ಬಾಣಲೆಗೇ ವಾಪಸ್. ಇನ್ನೊಂದು ಜರಡಿಯಲ್ಲಿ ಸಿಪ್ಪೆ ಬೇರೆಯಾಗುತ್ತದೆ, ಆ ಸಿಪ್ಪೆ ಮತ್ತೆ ಒಲೆಗೆ. ಮರಳು ಸಾಕಷ್ಟು ಕಾಯದಿದ್ದರೆ ಭತ್ತ ಅರಳದೆ ಕರಕಾಗುತ್ತದೆ, ಒಂದು ಕ್ಷಣ ಹೆಚ್ಚು ಬಿಟ್ಟರೆ ಅರಳಿದ್ದು ಕಂದು ತಿರುಗುತ್ತದೆ. ಕೆಲಸದವರು ಶಾಖ ನೋಡುವುದು ಕಿವಿಯಿಂದ. ಸಿಡಿತದ ಸದ್ದು ಒಟ್ಟಿಗೆ ಎದ್ದು ಒಟ್ಟಿಗೆ ನಿಲ್ಲಬೇಕು, ಅಲ್ಲೊಂದು ಇಲ್ಲೊಂದು ಎಂದರೆ ಮರಳು ಆರಿದೆ. ನಂತರ ಸಕ್ಕರೆ, ತೆಂಗಿನ ಹಾಲು, ಶುಂಠಿ ಕುದಿಸಿದ ಪಾಕಕ್ಕೆ ಈ ಅರಳು ಸುರಿದು ಕಲಸಿ, ಮರದ ಚೌಕಟ್ಟಿನಲ್ಲಿ ಹರಡಿ, ಲಟ್ಟಣಿಗೆ ಆಡಿಸಿ, ಪಟ್ಟಿ ಇಟ್ಟು ಕತ್ತರಿಸುತ್ತಾರೆ. ಪಾಕ ಎಳೆಯದಾದರೆ ಬಿಲ್ಲೆ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಅದೇ ದೊಡ್ಡ ತಾಪತ್ರಯ. ದಾವಣಗೆರೆಯ ಮಂಡಕ್ಕಿ ಭಟ್ಟಿ ಕಂಡವರಿಗೆ, ಪಂಚಮಿಗೆ ಅಳ್ಳು ಹುರಿದ ಮನೆಯವರಿಗೆ ಇದರಲ್ಲಿ ಯಾವುದನ್ನೂ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಒಲೆಯಲ್ಲಿ ಕುದಿಯುವ ಹಂಡೆಯ ಬಾಯಿಗೆ ಬಟ್ಟೆ ಬಿಗಿದು ಅದರ ಮೇಲೆ ಅಕ್ಕಿ ಹಿಟ್ಟು ತೆಳುವಾಗಿ ಎರೆದು, ಮುಚ್ಚಿ, ಹಬೆಯಲ್ಲಿ ಬೇಯಿಸಿ, ಬಿದಿರ ಚಾಪೆಗೆ ವರ್ಗಾಯಿಸಿ ಬಿಸಿಲಿಗಿಡುವ ಅಕ್ಕಿಹಾಳೆಯೂ ನಮ್ಮ ಹಬೆಯಲ್ಲಿ ಬೇಯಿಸುವ ಅಕ್ಕಿ ಹಪ್ಪಳದ ಒಡಹುಟ್ಟು.

ಇನ್ನೂ ಮೇಲಕ್ಕೆ, ಗಡಿಗೆ ಹತ್ತಿರದ ತಾನ್ ಚೌನಲ್ಲಿ ಕಪ್ಪು ರೇಷ್ಮೆ. ನಮ್ಮ ಬೀಡಿ ಎಲೆಯ ತೂಬರೆ ಮರದ ಬಳಗಕ್ಕೆ ಸೇರಿದ ಒಂದು ಮರದ ಕಾಯಿ ಜಜ್ಜಿ, ಆ ರಸದಲ್ಲಿ ಬಟ್ಟೆಯನ್ನು ಅದ್ದಿ ಬಿಸಿಲಿಗೆ ಹಾಕಿ, ಮತ್ತೆ ಅದ್ದಿ, ಹತ್ತಾರು ಸಲ. ಮೋಡದ ದಿನ ಬಣ್ಣ ಕೂರುವುದಿಲ್ಲ, ಹಾಗಾಗಿ ಕೆಲಸಕ್ಕೆ ಬಿಸಿಲು ಬೇಕೇ ಬೇಕು. ದುಬಾರಿ, ಆದರೆ ಕೊಳ್ಳುವುದಾದರೆ ಇದನ್ನು ಕೊಳ್ಳಿ.

ಗಡಿ, ದುಡ್ಡು, ಊಟ

ಎರಡು ದೇಶಗಳ ನಡುವಿನ ಗಡಿ ನದಿಯ ಮೇಲೆಯೇ ಇದೆ. ಕಾಂಬೋಡಿಯಾ ಕಡೆ ಕಾಮ್ ಸಾಮ್ನೊ, ವಿಯೆಟ್ನಾಂ ಕಡೆ ವಿನ್ ಸುವಾಂಗ್. ಹಡಗು ಎರಡೂ ಕಡೆ ನಿಲ್ಲುತ್ತದೆ, ಪಾಸ್‌ಪೋರ್ಟ್‌ಗಳನ್ನು ಸಿಬ್ಬಂದಿಯೇ ಒಯ್ಯುತ್ತಾರೆ, ಕೆಲವು ಗಂಟೆ ಹಿಡಿಯುತ್ತದೆ. ತಪ್ಪಾಗುವುದು ಮನೆಯಲ್ಲಿ ಅರ್ಜಿ ತುಂಬುವಾಗ. ವಿಯೆಟ್ನಾಮಿನ ಇ-ವೀಸಾದಲ್ಲಿ ಯಾವ ದ್ವಾರದಿಂದ ಒಳಗೆ ಬರುತ್ತೀರಿ ಎಂದು ಬರೆಯಬೇಕು. ರೂಢಿಯಲ್ಲಿ ವಿಮಾನ ನಿಲ್ದಾಣ ಬರೆದವರು ನದಿಯಲ್ಲಿ ಸಿಕ್ಕಿಬೀಳುತ್ತಾರೆ. ಪಟ್ಟಿಯಲ್ಲಿ ಈ ದ್ವಾರ ‘ಸೋಂಗ್ ತಿಯೆನ್’ ಎಂಬ ಹೆಸರಲ್ಲಿದೆ, ತಿಯೆನ್ ನದಿ ಎಂದರ್ಥ. ವಿಯೆಟ್ನಾಮಿಗೆ ಎರಡು ಸಲ ಹೋಗುವ ಯೋಜನೆಯಿದ್ದರೆ ಹಲವು ಪ್ರವೇಶದ ವೀಸಾವೇ ಬೇಕು. ಕೆಳಗಿನಿಂದ ಮೇಲಕ್ಕೆ ಹೋಗುವವರು ಕಾಂಬೋಡಿಯಾದ ವೀಸಾ ಬಗ್ಗೆ ಹಡಗಿನವರಿಂದ ಲಿಖಿತ ಉತ್ತರ ಪಡೆಯಿರಿ, ಏಕೆಂದರೆ ಅದರ ಇ-ವೀಸಾ ಎಲ್ಲ ಗಡಿಗಳಲ್ಲೂ ನಡೆಯುವುದಿಲ್ಲ. ಎರಡು ಫೋಟೊ, ಡಾಲರ್ ನಗದು ಜೊತೆಗಿರಲಿ. ಅಂಚು ಹರಿದ, ಗೀಚಿದ ಡಾಲರ್ ನೋಟನ್ನು ಕಾಂಬೋಡಿಯಾದಲ್ಲಿ ಯಾರೂ ಮುಟ್ಟುವುದಿಲ್ಲ. ಒಂದು ಡಾಲರಿಗೆ ಸುಮಾರು 4,000 ರಿಯಲ್, ಸಣ್ಣ ಚಿಲ್ಲರೆ ರಿಯಲ್‌ನಲ್ಲೇ ಬರುತ್ತದೆ. ಸೀಮ್ ರೀಪ್ ಬಳಿಯ ಅಂಕೋರ್ ದೇಗುಲಗಳ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತೆಗೆಯಿರಿ. ಕ್ರೂಸ್‌ನ ಜೊತೆ ಸೇರಿಸುವ ಅರ್ಧ ದಿನದಲ್ಲಿ ಅಂಕೋರ್ ವಾಟ್‌ನ 49 ಮೀಟರ್ ಉದ್ದದ ಸಮುದ್ರ ಮಥನದ ಗೋಡೆಯೊಂದನ್ನೇ ನೆಟ್ಟಗೆ ನೋಡಲಾಗದು.

ಸಸ್ಯಾಹಾರಿಗಳ ವಿಷಯ. ಹಡಗಿನ ಅಡುಗೆಯವರು ತಿಳಿಸಿದರೆ ಚೆನ್ನಾಗಿ ಮಾಡಿಕೊಡುತ್ತಾರೆ, ಆದರೆ ಹತ್ತಿದ ಮೇಲಲ್ಲ, ಮೂರು ನಾಲ್ಕು ವಾರ ಮೊದಲು. ಸರಕು ತುಂಬಿಸುವುದು ಹೊರಡುವ ಊರಲ್ಲಿ, ನಡುವೆ ತೊಗರಿಬೇಳೆ ಸಿಗುವುದಿಲ್ಲ. ‘ವೆಜಿಟೇರಿಯನ್’ ಎಂಬ ಪದ ಸಾಲದು. ಮೀನಿನ ಸಾಸ್, ಕಾಂಬೋಡಿಯಾದ ಪ್ರಹೋಕ್ ಎಂಬ ಹುದುಗಿಸಿದ ಮೀನು, ಸಿಗಡಿ ಪುಡಿ, ಎಲುಬಿನ ಸಾರು, ಈ ನಾಲ್ಕೂ ಬೇಡ ಎಂದು ಹೆಸರಿಟ್ಟೇ ಹೇಳಬೇಕು. ವಿಯೆಟ್ನಾಮಿನ ಬೀದಿಯಲ್ಲಿ ‘ಚಾಯ್’ ಎಂಬ ಫಲಕ ಹುಡುಕಿ. ಅದು ಬೌದ್ಧರ ಸಸ್ಯಾಹಾರ, ಅಮಾವಾಸ್ಯೆ ಮುಗಿದ ಪಾಡ್ಯ ಮತ್ತು ಹುಣ್ಣಿಮೆಯ ದಿನ ಎಲ್ಲೆಲ್ಲೂ ಸಿಗುತ್ತದೆ. ಮಠದ ಅಡುಗೆಯಾದರೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ.

ಗಡಿಗೆಯ ಸುತ್ತ

ಟೋನ್ಲೆ ಸಾಪ್ ದಡದ ಕಾಂಪೋಂಗ್ ಛ್ನಾಂಗ್ ಹೆಸರಿನ ಅರ್ಥವೇ ಗಡಿಗೆಯ ರೇವು. ಅದರ ಬಳಿಯ ಅಂಡೋಂಗ್ ರುಸೈ ಹಳ್ಳಿಯಲ್ಲಿ ಗಡಿಗೆ ಮಾಡುವವರು ಹೆಂಗಸರು. ತಿಗರಿ ಇಲ್ಲ. ಸೊಂಟದೆತ್ತರದ ಮರದ ದಿಮ್ಮಿಯ ಮೇಲೆ ಮಣ್ಣಿನ ಮುದ್ದೆ ನಿಂತಿರುತ್ತದೆ, ತಿರುಗುವುದು ಹೆಂಗಸು. ಒದ್ದೆ ಬಟ್ಟೆಯ ತುಂಡನ್ನು ಅಂಚಿಗೆ ಹಿಡಿದು ದಿಮ್ಮಿಯ ಸುತ್ತ ಹಿಮ್ಮುಖವಾಗಿ, ಸಮ ಹೆಜ್ಜೆಯಲ್ಲಿ ನಡೆಯುತ್ತಾಳೆ. ಮೊದಲು ಬಾಯಿ ಮುಗಿಯುತ್ತದೆ, ಹೊಟ್ಟೆ ಆಮೇಲೆ. ಸ್ವಲ್ಪ ಆರಿಸಿ, ಒಳಗೆ ಗುಂಡಾದ ಮಣ್ಣಿನ ಒತ್ತು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ದಪ್ಪ ಗೋಡೆಯನ್ನು ತೆಳುವಾಗಿಸಿ ತಳ ಮುಚ್ಚುತ್ತಾರೆ. ಹೆಜ್ಜೆಯ ವೇಗ ಏರಿಳಿದರೆ ಬಾಯಿ ಅಂಕುಡೊಂಕು. ಮಣ್ಣಿಗೆ ಸಣ್ಣ ಮರಳು ಸಾಕಷ್ಟು ಬೆರೆಯದಿದ್ದರೆ ಸುಡುವಾಗ ಬಿರುಕು, ಯಾಕೆಂದರೆ ಗೂಡು ಇಲ್ಲದೆ ಬಯಲಲ್ಲೇ ಹುಲ್ಲು ಸೌದೆ ಮುಚ್ಚಿ ಸುಡುತ್ತಾರೆ, ಉರಿ ಹತೋಟಿಗೆ ಸಿಗುವುದಿಲ್ಲ. ಮಾರ್ಗದರ್ಶಿಗಳು ಇಲ್ಲಿ ಕೊಡುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಒಂದು ಗಡಿಗೆಯ ಬಾಯಿ ಮುಗಿಯುವುದನ್ನು ಪೂರ್ತಿ ನೋಡಿ. ಉಳಿದ ಮೂರು ಮನೆ ಬಿಟ್ಟರೂ ನಷ್ಟವಿಲ್ಲ.

ಇಂಥ ಊರುಗಳಲ್ಲಿ ಮಕ್ಕಳು ಓಡಿ ಬರುತ್ತಾರೆ. ಪೆನ್ನು, ಚಾಕೊಲೇಟು, ನೋಟು ಯಾವುದೂ ಬೇಡ. ಹಡಗು ಬರುವ ವೇಳೆಗೆ ಶಾಲೆ ತಪ್ಪಿಸುವ ಅಭ್ಯಾಸ ಅಲ್ಲಿಂದಲೇ ಶುರುವಾಗುವುದು. ಕೊಡಲೇಬೇಕೆನಿಸಿದರೆ ದೊಡ್ಡವರು ಮಾಡಿದ್ದನ್ನು ಬೆಲೆ ಕೊಟ್ಟು ಕೊಳ್ಳಿ. ಅನಾಥಾಲಯ ಭೇಟಿ ಕಾರ್ಯಕ್ರಮದಲ್ಲಿದ್ದರೆ ಅದನ್ನು ತೆಗೆಯಿರೆಂದು ಕಂಪನಿಗೆ ಬರೆಯಿರಿ. ಕಾಂಬೋಡಿಯಾದ ಅಂಥ ಮನೆಗಳಲ್ಲಿದ್ದ ಮಕ್ಕಳಲ್ಲಿ ಬಹುಪಾಲು ಮಂದಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಇದ್ದರು. ಪ್ರವಾಸಿಗಳ ದುಡ್ಡು ಮಕ್ಕಳನ್ನು ಮನೆಯಿಂದ ಹೊರಗೆಳೆಯಿತು.

ನೋಮ್ ಪೆನ್‌ನಲ್ಲಿ ಬೆಳಿಗ್ಗೆ ಅರಮನೆ, ಮಧ್ಯಾಹ್ನ ತುಲ್ ಸ್ಲೆಂಗ್ ಎಂದು ಒಂದೇ ದಿನಕ್ಕೆ ತುರುಕಿರುತ್ತಾರೆ. ತುಲ್ ಸ್ಲೆಂಗ್ ಮೊದಲು ಹೈಸ್ಕೂಲು. 1975ರಿಂದ 1979ರವರೆಗೆ ದೇಶ ಆಳಿದ ಉಗ್ರ ಕಮ್ಯುನಿಸ್ಟ್ ಪಕ್ಷ ಖ್ಮೇರ್ ರೂಜ್ ಅದನ್ನು ಸೆರೆಮನೆ ಮಾಡಿ ಸಾವಿರಾರು ಜನರನ್ನು ಹಿಂಸಿಸಿ ಕೊಲ್ಲಲು ಕಳಿಸಿತು. ತರಗತಿಗಳ ಕಪ್ಪು ಹಲಗೆಗಳು ಇನ್ನೂ ಗೋಡೆಯಲ್ಲಿವೆ. ಅದನ್ನು ನೋಡಿ ಬಂದು ಅರ್ಧ ಗಂಟೆಗೆ ಡೆಕ್ ಮೇಲೆ ಸಂಗೀತದ ಪಾರ್ಟಿಗೆ ಕೂರಲು ಆಗುವುದಿಲ್ಲ. ಆ ಸಂಜೆ ಖಾಲಿ ಬಿಡುವ ಹಡಗು ಯಾವುದೆಂದು ಕೇಳಿ ಆರಿಸಿ.

ಮರಳು ಹೊತ್ತ ದೋಣಿಗಳು

ನಿಮ್ಮ ಹಡಗಿನ ಪಕ್ಕದಲ್ಲೇ ದಿನವಿಡೀ ಅಂಚಿನವರೆಗೂ ಮುಳುಗಿದ ಕಬ್ಬಿಣದ ದೋಣಿಗಳು ಹೋಗುತ್ತಿರುತ್ತವೆ. ಅವುಗಳಲ್ಲಿರುವುದು ನದಿಯ ತಳದಿಂದ ಹೀರಿದ ಮರಳು, ನಗರ ಕಟ್ಟಲು. ಮೇಲೆ ಚೀನಾ, ಲಾವೋಸ್‌ಗಳ ಅಣೆಕಟ್ಟುಗಳು ಹೂಳು ತಡೆಯುತ್ತವೆ, ಕೆಳಗೆ ಉಳಿದದ್ದನ್ನೂ ತೆಗೆಯುತ್ತಿದ್ದಾರೆ. ತಳ ಇಳಿದಂತೆ ದಡ ಕುಸಿಯುತ್ತದೆ, ಮುಖಜ ಭೂಮಿಯ ಗದ್ದೆಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ. 2016ರಲ್ಲಿ, 2020ರಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಆಯಿತು. 2019ರಲ್ಲಿ ಮಳೆ ತಡವಾಗಿ, ಮೆಕಾಂಗ್ ಜುಲೈ ತಿಂಗಳಲ್ಲೂ ಏರದೆ, ಟೋನ್ಲೆ ಸಾಪ್ ಹಿಂದಕ್ಕೆ ಹರಿಯಲು ಆಗಸ್ಟ್‌ವರೆಗೆ ಕಾಯಬೇಕಾಯಿತು. ಆ ವರ್ಷ ಮೀನೂ ಕಡಿಮೆ. ಹಾಗಾಗಿ ಮೇಲೆ ಹೇಳಿದ ತಿಂಗಳುಗಳನ್ನು ಪಂಚಾಂಗದಂತೆ ನಂಬಬೇಡಿ. ಹೊರಡುವ ಎರಡು ವಾರ ಮುಂಚೆ ಹಡಗಿನವರಿಗೆ ಫೋನ್ ಮಾಡಿ, ಈ ವಾರ ಎಲ್ಲಿ ಹತ್ತಿಸುತ್ತಿದ್ದೀರಿ, ಕಾಂಪೋಂಗ್ ಛ್ನಾಂಗ್‌ವರೆಗೆ ಹೋಗುತ್ತಿದ್ದೀರಾ ಎಂದು ಕೇಳಿ. ಈ ವಾರದ ಉತ್ತರವೇ ಬೇಕು, ಪುಸ್ತಿಕೆಯದ್ದಲ್ಲ.

ನೋಮ್ ಪೆನ್‌ನಲ್ಲಿ ಹಡಗು ಕಟ್ಟಿ ನಿಂತ ಬೆಳಿಗ್ಗೆ ಟೋನ್ಲೆ ಸಾಪ್ ಕಡೆಯ ಕಟಕಟೆಗೆ ಬಂದು ಅಂತರಗಂಗೆಯ ಹಸಿರು ಗಡ್ಡೆಗಳನ್ನು ನೋಡಿ. ಆಗಸ್ಟ್ ಆದರೆ ಅವು ಎಡೆಬಿಡದೆ ಸರೋವರದ ಕಡೆಗೆ ಸಾಗುತ್ತವೆ, ಡಿಸೆಂಬರ್ ಆದರೆ ಸಮುದ್ರದ ಕಡೆಗೆ. ನಡುವಿನ ಕೆಲವು ದಿನ ಮಾತ್ರ ಯಾವ ಕಡೆಗೂ ಹೋಗದೆ, ಅರಮನೆಯ ಎದುರು, ಇದ್ದಲ್ಲೇ ನಿಧಾನಕ್ಕೆ ಸುತ್ತುತ್ತಿರುತ್ತವೆ.